ಸೌಟು ಹೋಗುವಷ್ಟು ಕಿಂಡಿ

ಕೂಡ್ಲಿಗಿ
೧೪ ಜೂನ್ ೨೦೨೫, ಶನಿವಾರ ಮಧ್ಯಾಹ್ನ

ಅಕ್ಕನಿಗೆ,

ನಿಮ್ಮ ತಂಗಿ ಸುಮಂಗಲಾಳ ಜೈಭೀಮ್. ನಾವು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕೇಳುವ ಹಾಗಿಲ್ಲ, ಅದು ದಿನಾ ಗೋಡೆ ದಾಟಿ ಬಂದು ನನ್ನ ಕಿವಿಗೆ ಬೀಳುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಭಾವನವರ ಕೆಮ್ಮು, ಆಮೇಲೆ ನಿಮ್ಮ ಕುಕ್ಕರಿನ ಸೀಟಿ, ಅದರ ಹಿಂದೆಯೇ ನಿಮ್ಮ ಮೊಮ್ಮಗಳು ಕೀರ್ತನಾ ಒಂದು ಶೂ ಸಿಗಲಿಲ್ಲ ಎಂದು ಮನೆ ಕಿತ್ತು ಹೋಗುವ ಹಾಗೆ ಕೂಗುವುದು. ಪತ್ರ ತಡವಾಗಿದ್ದಕ್ಕೆ ಕ್ಷಮಿಸಿ. ಒಂದು ವಾರ, ಎರಡು ವಾರದ ತಡ ಅಲ್ಲ ಇದು, ಮೂರು ವರ್ಷದ ತಡ. ಒಂದು ಗೋಡೆ ಆಚೆ ಇರುವವರಿಗೆ ತಾರೀಕು ಹಾಕಿ ಕಾಗದ ಬರೆಯುವ ಹುಚ್ಚಿ ಎಂದು ನೀವು ನಗುತ್ತೀರಿ. ನಗಿರಿ. ನಿಮ್ಮ ನಗು ಕೇಳಿಯೂ ಅಷ್ಟೇ ದಿನವಾಯಿತು.

ಫೋನ್ ಮಾಡಬಹುದಿತ್ತು. ಮಾಡಿದರೆ ನೀವು ಎತ್ತಿಕೊಂಡು "ಹೇಳು" ಎನ್ನುತ್ತೀರಿ. ಆ "ಹೇಳು" ಕೇಳಿದರೆ ನನ್ನ ಬಾಯಿಗೆ ಬೀಗ ಬೀಳುತ್ತದೆ. ಮುಂಬಾಗಿಲಿಗೆ ಬಂದರೆ ಕುರ್ಚಿ ಹಾಕಿ "ಬಾ, ಕುಂದ್ರು" ಎಂದು ಬೀಗರನ್ನು ಕೂರಿಸಿದ ಹಾಗೆ ಕೂರಿಸುತ್ತೀರಿ, ಚಹಾ ಕೊಡುತ್ತೀರಿ, ನಾನು ಕುಡಿದು ಎದ್ದು ಬರುತ್ತೇನೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನೀವು ದಿನಾ ಹೂವಿನ ಚಿತ್ರ ಹಾಕುತ್ತೀರಿ, ನಾನು ಕೈಮುಗಿಯುವ ಗುರುತು ಹಾಕುತ್ತೇನೆ. ಅದಕ್ಕೆ ಮಾತು ಅನ್ನುತ್ತಾರೇನು? ಇಡೀ ದಿನ ಬಸ್ಸಿನಲ್ಲಿ "ಮುಂದ ಹೋಗ್ರಿ, ಮುಂದ ಹೋಗ್ರಿ" ಎಂದು ಗಂಟಲು ಹರಿದುಕೊಳ್ಳುವ ಕಂಡಕ್ಟರ್ ನಾನು, ನಿಮ್ಮ ಮುಂದೆ ಮಾತ್ರ ಮೂಗಿ. ಅದಕ್ಕೇ ಪೆನ್ನು ಹಿಡಿದೆ. ಇವತ್ತು ನನಗೆ ವಾರದ ರಜೆ, ನಿಮ್ಮ ಮೈದುನ ಹುಲುಗೇಶ್ ಕೊಟ್ಟೂರಿಗೆ ಹೋಗಿದ್ದಾರೆ, ಮನೆಯಲ್ಲಿ ಫ್ಯಾನು ಮತ್ತು ನಾನು ಇಬ್ಬರೇ.

ಸುತ್ತಿ ಬಳಸಿ ಹೇಳುವುದಿಲ್ಲ. ಸೋಮವಾರ ನಿಮ್ಮ ಅಡುಗೆಮನೆಗೆ ಟೈಲ್ಸ್ ಕೂರಿಸಲು ಗೌಂಡಿ ಗಾದಿಲಿಂಗಪ್ಪ ಬರುತ್ತಾನೆ. ಪೆಟ್ಟಿಗೆಗಳು ನಿಮ್ಮ ಕಟ್ಟೆಯ ಮೇಲೆ ಬಂದು ಕೂತಿರುವುದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ಎರಡು ಅಡುಗೆಮನೆಗಳ ನಡುವೆ ಇರುವುದು ಒಂದೇ ಗೋಡೆ, ಆ ಗೋಡೆಯಲ್ಲಿ ಮುಚ್ಚಿಹೋದ ನಮ್ಮ ಕಿಂಡಿ. ಅದರ ಮೇಲೆ ಟೈಲ್ಸ್ ಕೂತರೆ ಮುಗಿಯಿತು, ಹೊಸ ಟೈಲ್ಸ್ ಒಡೆದು ಕಿಂಡಿ ತೆಗೆಸುವವರು ಈ ಕೂಡ್ಲಿಗಿಯಲ್ಲಿ ಯಾರೂ ಇಲ್ಲ. ಅದಕ್ಕಿಂತ ಮುಂಚೆ ನೀವು ಈ ಕಾಗದ ಓದಬೇಕು.

ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ಬೇಸರಿಸಬೇಡಿ. ನನಗೆ ಅದನ್ನು ಬರೆಯುವುದರಲ್ಲಿ ಒಂದು ಸುಖ ಇದೆ.

ನಾನು ಈ ಮನೆಗೆ ಬಂದದ್ದು ಹಲವಾಗಲಿನಿಂದ, ಹೊಳೆ ದಂಡೆಯ ಹುಡುಗಿ. ತುಂಗಭದ್ರೆಯ ನೀರಿನ ಸಾರಿಗೆ ಎಷ್ಟು ಉಪ್ಪು ಎಂದು ಅವ್ವ ಕೈಹಿಡಿದು ಕಲಿಸಿದ್ದಳೋ, ಅಷ್ಟನ್ನೇ ಇಲ್ಲಿನ ಬೋರಿನ ನೀರಿಗೂ ಹಾಕಿದೆ. ನಮ್ಮ ಓಣಿಯ ಬೋರಿನ ನೀರು ಮೊದಲೇ ಸವುಳು, ಅದರಲ್ಲೇ ಅರ್ಧ ಉಪ್ಪು ಇದೆ ಎಂದು ನನಗೆ ಹೇಳಿದವರು ಯಾರು? ಮೊದಲ ದಿನದ ಸಾರು ಬಾಯಿಗಿಟ್ಟ ಅತ್ತೆ ಪಾಲಮ್ಮ ಎಲ್ಲರೆದುರಿಗೆ, "ಯವ್ವಾ, ಹೊಳಿ ದಂಡಿಯಿಂದ ಸೊಸಿ ತಂದ್ವಿ ಅಂದ್ಕಂಡಿದ್ದೆ, ಸಮುದ್ರದಾಗಿಂದ ತಂದ್ವೇನು?" ಎಂದರು. ಪಡಸಾಲೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಹಿರಿಸೊಸೆ ನೀವೊಬ್ಬರು ನಗಲಿಲ್ಲ. ಮರುದಿನ ನಾನು ಅಳುಮುಖ ಮಾಡಿಕೊಂಡು ಒಲೆಯ ಮುಂದೆ ನಿಂತಿದ್ದಾಗ ಕಿಂಡಿಯೊಳಗಿಂದ ಒಂದು ಕೈ ಬಂತು, ಹಸಿರು ಬಳೆಗಳ ಸಮೇತ. "ಒಂದ್ ಸೌಟು ಇತ್ತ ಕೊಡು ತಂಗಿ, ನೋಡ್ತೀನಿ" ಎಂದಿರಿ. ಆ ಕಡೆ ಸೊರ್ರೆಂದು ಹೀರಿದ ಸದ್ದು. "ಸಾಕು, ಇನ್ನ ಹಾಕಬ್ಯಾಡ. ನೀರಾಗ ಐತಿ ಅದು." ಅವತ್ತಿನ ಸಾರಿಗೆ ಅತ್ತೆ ಏನೂ ಅನ್ನಲಿಲ್ಲ, ಎರಡು ಸಲ ಹಾಕಿಸಿಕೊಂಡರು.

ಹಿಂದಿನ ಕಾಲದಲ್ಲಿ ಒಂದು ಮನೆಯ ಒಲೆಯಿಂದ ಇನ್ನೊಂದು ಮನೆಯ ಒಲೆಗೆ ಬೆಂಕಿ ಕೊಡಲು ಬಿಟ್ಟಿದ್ದ ಕಿಂಡಿಯಂತೆ ಅದು. ನಮ್ಮ ಕಾಲಕ್ಕೆ ಗ್ಯಾಸ್ ಬಂದಿತ್ತು, ಬೆಂಕಿ ಬೇಕಿರಲಿಲ್ಲ, ಉಳಿದದ್ದೆಲ್ಲ ಬೇಕಿತ್ತು. ಬುದ್ಧ ಪೂರ್ಣಿಮೆಯ ಪಾಯಸ ಅದರಲ್ಲೇ ಹೋಗುತ್ತಿತ್ತು, ಓಣಿಯ ಸುದ್ದಿಯೂ ಅದರಲ್ಲೇ. ನನ್ನ ಮಗಳು ಸಮತಾ ಕೂಸಾಗಿದ್ದಾಗ ಡ್ಯೂಟಿಗೆ ತಡವಾಯಿತೆಂದು ಅವಳನ್ನೂ ಕಿಂಡಿಯಲ್ಲೇ ದಾಟಿಸಲು ಹೋಗಿ ಅತ್ತೆಯ ಕೈಲಿ ಎಂಥ ಬೈಗುಳ ತಿಂದಿದ್ದೆ, ನೆನಪಿದೆಯಾ? ಭಾವನವರಿಗೆ ಬಿ.ಪಿ. ಎಂದು ನಿಮ್ಮದು ಉಪ್ಪಿಗೆ ಹೆದರುವ ಕೈ. ನನ್ನದು ಧಾರಾಳದ ಕೈ. ನಿಮ್ಮ ಸಪ್ಪೆ ಪಲ್ಯದ ಬಟ್ಟಲು ಈ ಕಡೆ, ನನ್ನ ಖಡಕ್ ಸಾರಿನ ಬಟ್ಟಲು ಆ ಕಡೆ ಹೋಗಿ ಬಂದು ಎರಡೂ ಮನೆಯ ಊಟ ಒಂದು ಹದಕ್ಕೆ ಬರುತ್ತಿತ್ತು. ಇದನ್ನು ನಾವು ಯಾರೂ ಯೋಚಿಸಿ ಮಾಡಿದ್ದಲ್ಲ.

ಮೂರು ಬೇಸಿಗೆಯ ಹಿಂದೆ ನಮ್ಮ ಕಡೆ ಹಳೆಯ ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸಿದೆವಲ್ಲ, ಆಗ ಇದೇ ಗಾದಿಲಿಂಗಪ್ಪ ಗೋಡೆಗೂ ಸಿಮೆಂಟು ಮೆತ್ತಿದ. ನಾನು ಹರಪನಹಳ್ಳಿ ಡ್ಯೂಟಿ ಮುಗಿಸಿ ಬಂದು ನೋಡಿದರೆ ಕಿಂಡಿ ಇಲ್ಲ. ಕೈಯಾಡಿಸಿದೆ, ಗೋಡೆ ಇನ್ನೂ ಹಸಿ. ನಾನಂತೂ ಮುಚ್ಚು ಎಂದು ಯಾರಿಗೂ ಹೇಳಿರಲಿಲ್ಲ, ಹುಲುಗೇಶ್ ಅವರಿಗೆ ಅಂಥದ್ದೆಲ್ಲ ತಲೆಗೇ ಹೋಗುವುದಿಲ್ಲ. ಹಾಗಾದರೆ ನೀವೇ ಎಂದುಕೊಂಡೆ. ಮರುದಿನ ಕೀರ್ತನಾ ಮುಂಬಾಗಿಲಿಗೆ ಬಂದು, ಮುಚ್ಚಳ ಹಾಕಿದ ಡಬ್ಬಿಯಲ್ಲಿ ಬದನೆಕಾಯಿ ಪಲ್ಯ ಕೊಟ್ಟು, "ಅಜ್ಜಿ ಕೊಟ್ಟು ಬಾ ಅಂದಾಳ" ಎಂದಳು. ಮುಚ್ಚಳ! ನಮ್ಮಿಬ್ಬರ ನಡುವೆ ಯಾವತ್ತು ಮುಚ್ಚಳ ಇತ್ತು? ನನಗೆ ಮೈಯೆಲ್ಲ ಉರಿಯಿತು. ತೊಳೆದು, ಖಾಲಿ ಡಬ್ಬಿ ವಾಪಸ್ ಕಳಿಸಿದೆ. ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕದೆ ಖಾಲಿ ಪಾತ್ರೆ ಹಿಂದಿರುಗಿಸುವುದು ನಮ್ಮಲ್ಲಿ ಇಲ್ಲವೇ ಇಲ್ಲ, ಗೊತ್ತಿದ್ದೂ ಕಳಿಸಿದೆ. ನೀವು ಆ ಖಾಲಿ ಡಬ್ಬಿ ನೋಡಿ, ಕಿಂಡಿ ಮುಚ್ಚಿಸಿದವಳು ಇವಳೇ ಎಂದುಕೊಂಡಿರಬೇಕು. ಅಲ್ಲಿಂದ ಇಬ್ಬರೂ ಮರ್ಯಾದೆಸ್ಥರಾಗಿಬಿಟ್ಟೆವು.

ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಬೀದಿಗೆ ಬಂದು ನಾಲ್ಕು ಬೈದು, ನಾಲ್ಕು ಬೈಸಿಕೊಂಡು, ಸಂಜೆಗೆ ಒಂದಾಗಬಹುದಿತ್ತು. ಗಾದಿಲಿಂಗಪ್ಪನನ್ನು ಕೇಳಿಬಿಡೋಣ ಎಂದು ಎಷ್ಟು ಸಲ ಅನ್ನಿಸಿತೋ. ಕೇಳಿದರೆ ಅವನು ನಿಮ್ಮ ಹೆಸರು ಹೇಳಿಬಿಟ್ಟರೆ ಎಂಬ ಭಯಕ್ಕೆ ಕೇಳಲಿಲ್ಲ. ನನ್ನ ಅಡುಗೆಮನೆ ಈಗ ಬೇಸಿಗೆಯಲ್ಲಿ ಕಾದ ಹೆಂಚು. ನಿಮ್ಮ ಹಿತ್ತಿಲ ಬೇವಿನ ಗಾಳಿ ಆ ಕಿಂಡಿಯಿಂದ ಬರುತ್ತಿತ್ತೆಂದು ಅದು ನಿಂತ ಮೇಲೆಯೇ ನನಗೆ ತಿಳಿದದ್ದು. ಹುಲುಗೇಶ್ ಊಟಕ್ಕೆ ಕೂತರೆ ಪಕ್ಕದಲ್ಲಿ ಒಂದು ತಂಬಿಗೆ ನೀರು ಇಟ್ಟುಕೊಂಡೇ ಕೂರುತ್ತಾರೆ. ಏನೂ ಅನ್ನುವುದಿಲ್ಲ ಪಾಪ, ನೀರು ಕುಡಿಯುತ್ತಾರೆ.

ಈಗ ಸಮತಾಳ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಬುದ್ಧ ಪೂರ್ಣಿಮೆಗೆ ಬಂದವಳು ನಿಮ್ಮ ಮನೆಗೂ ಬಂದು ಉಂಡು ಹೋದಳಲ್ಲ. ಗೋವಾದಲ್ಲಿ ಅವಳಿಗೆ ಸಮುದ್ರದ ತಳದ ಕೆಸರು ನೋಡುವ ಕೆಲಸ ಎಂದರೆ ನಮ್ಮ ಬಸ್ಸಿನ ಡ್ರೈವರ್ ಪಾಲಾಕ್ಷಪ್ಪ, "ಅಷ್ಟ್ ಓದಿ ಕೆಸರು ತುಳಿಯಾಕ ಹೋಗ್ಯಾಳೇನ್ರಿ?" ಎಂದು ನಗುತ್ತಾರೆ. ನನಗೂ ಆ ಕೆಲಸ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಅವಳು ಪರಾತದಲ್ಲಿ ನೀರು ಸುರಿದು, ನನ್ನ ಹಿಟ್ಟಿನಿಂದಲೇ ಎರಡು ಉಂಡೆ ಕಿತ್ತು, ಮೇಲೊಂದು ಕೆಳಗೊಂದು ಇಟ್ಟು, ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟಳು.

"ನೋಡವ್ವಾ, ಇದು ಉತ್ತರ ಅಮೆರಿಕ, ಇದು ದಕ್ಷಿಣ ಅಮೆರಿಕ. ಈಗ ಪನಾಮ ಅಂತಾರಲ್ಲ, ಅಲ್ಲಿ ಒಂದು ಕಾಲಕ್ಕ ನೆಲಾನ ಇರಲಿಲ್ಲ. ಈ ಸಂದ್ಯಾಗ ಆ ಕಡಿ ಸಮುದ್ರದ ನೀರು ಈ ಕಡಿ, ಈ ಕಡಿದು ಆ ಕಡಿ ಬಂದು ಹೋಗಿ ಮಾಡ್ತಿತ್ತು. ಆಮ್ಯಾಲೆ ಸಮುದ್ರದ ತಳ ನಿಧಾನಕ್ಕ ಎದ್ದು ಬಂತು, ಲಕ್ಷಾಂತರ ವರ್ಷ ಹಿಡೀತು. ಹತ್ರತ್ರ ಮೂವತ್ತು ಲಕ್ಷ ವರ್ಷದ ಹಿಂದ ಪೂರ್ತಿ ಮುಚ್ಚಿಹೋತು ಅಂತ ಬಾಳ ಮಂದಿ ಹೇಳ್ತಾರ. ಇನ್ನೂ ಮುಂಚೇನ ಮುಚ್ಚಿತ್ತು ಅನ್ನೋರೂ ಅದಾರ. ಅದಕ್ಕ ನಮ್ಮೋರಾಗ ಇನ್ನೂ ಜಗಳ ಐತಿ."

ಹೀಗೆ ಹೇಳಿ ಬೆರಳಿನಿಂದ ಸಂದನ್ನು ಒತ್ತಿ ಮುಚ್ಚಿದಳು. ಮುಚ್ಚಿದರೆ ಏನಾಯಿತು ಮಹಾ ಎಂದೆ. ಒಂದು ಸಮುದ್ರ ಉಪ್ಪಾಯಿತು, ಬೆಚ್ಚಗಾಯಿತು, ಇನ್ನೊಂದರ ಉಪ್ಪು ಕಡಿಮೆಯಾಯಿತು ಎಂದಳು. ಗಾಳಿ ಪೂರ್ವದ ಸಮುದ್ರದಿಂದ ಆವಿ ಹೊತ್ತುಕೊಂಡು ಹೋಗಿ, ನೆಲ ದಾಟಿ, ಪಶ್ಚಿಮದ ಸಮುದ್ರಕ್ಕೆ ಮಳೆ ಸುರಿಯುತ್ತದಂತೆ. ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಸಂದು ಇದ್ದಾಗ ಎರಡೂ ಬೆರೆತು ಸರಿಹೋಗುತ್ತಿತ್ತು. ಮುಚ್ಚಿದ ಮೇಲೆ ಬೆರೆಸುವವರಿಲ್ಲ. ಆ ಬೆಚ್ಚನೆಯ ಉಪ್ಪು ನೀರು ದಾರಿ ಹುಡುಕಿಕೊಂಡು ಉತ್ತರಕ್ಕೆ ಹರಿದು, ಎಲ್ಲೆಲ್ಲಿಯೋ ದೇಶಗಳ ಮಳೆ, ಚಳಿ ಎಲ್ಲ ಬದಲಾಯಿತಂತೆ. ನಮ್ಮ ಕಡೆಯೂ ಇಂಡೋನೇಷ್ಯಾ ದ್ವೀಪಗಳ ನಡುವಿನ ದಾರಿ ಸಣ್ಣದಾದಾಗ ಹಿಂದೂ ಮಹಾಸಾಗರಕ್ಕೆ ಬರುವ ನೀರು ಒಂದಿಷ್ಟು ತಣ್ಣಗಾಯಿತು ಎನ್ನುತ್ತಾರಂತೆ. ಅಷ್ಟು ಹಿಂದಿನ ಮಾತು ನಿನಗೆ ಹೇಳಿದವರು ಯಾರೇ ಎಂದರೆ, ಕೆಸರಿನಲ್ಲಿ ರವೆ ಕಾಳಿಗಿಂತ ಸಣ್ಣ ಚಿಪ್ಪುಗಳಿರುತ್ತವೆ, ಆ ಹುಳ ಬದುಕಿದ್ದಾಗ ನೀರು ಎಷ್ಟು ಬಿಸಿ ಇತ್ತು, ಎಷ್ಟು ಉಪ್ಪಿತ್ತು ಎಂದು ಚಿಪ್ಪಿನಿಂದಲೇ ಲೆಕ್ಕ ತೆಗೆಯುತ್ತೇವೆ ಎಂದಳು. ನನ್ನ ಮಗಳು ಮೂವತ್ತು ಲಕ್ಷ ವರ್ಷದ ಹಿಂದಿನ ಉಪ್ಪು ನೋಡುತ್ತಾಳೆ ಅಕ್ಕಾ! ನನಗೆ ಹೆಮ್ಮೆಯೂ ಆಯಿತು, ಒಳಗೆ ಏನೋ ಚುಚ್ಚಿತು ಕೂಡ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹುಲುಗೇಶ್, "ಅಲ್ಲ ಬೇ ಸಮತಾ, ಅದನ್ನ ಮುಚ್ಚಿದೋರ್ಯಾರು?" ಎಂದರು.

"ಯಾರೂ ಇಲ್ಲಪ್ಪಾ. ಯಾರೂ ಮುಚ್ಚಲಿಲ್ಲ. ಅದಾಗೇ ಮುಚ್ಕಂತು."

ಆಮೇಲೆ ಹಿಟ್ಟಿನ ಕೈ ತೊಳೆಯುತ್ತಾ ನನ್ನ ಮುಖ ನೋಡದೆ ಹೇಳಿದಳು: "ಅವ್ವಾ, ನಾ ಎರಡೂ ಮನ್ಯಾಗ ಉಂಡೀನಿ. ದೊಡ್ಡವ್ವನ ಸಾರು ಸಪ್ಪಗೈತಿ, ನಿಂದು ಉಪ್ಪಗೈತಿ. ಮೊದ್ಲು ಹಿಂಗಿರಲಿಲ್ಲ. ಇನ್ನೊಂದು ಗೊತ್ತೇನು? ದೊಡ್ಡವ್ವ ಸಾರು ಕುದಿಯಾಗ ಒಂದ್ ಸೌಟು ತಗಂಡು ಗ್ವಾಡಿ ಕಡಿ ತಿರುಗ್ತಾಳ. ಆಮ್ಯಾಲೆ ನೆನಪಾಗಿ ವಾಪಸ್ ಪಾತ್ರಿಗೆ ಹಾಕ್ತಾಳ. ನಾ ಕಣ್ಣಾರೆ ನೋಡೀನಿ."

ಒಲೆ ಮೇಲೆ ರೊಟ್ಟಿ ಸೀದು ಹೋಯಿತು.

ಅವಳು ಗೋವಾಕ್ಕೆ ಹೋದ ಮೇಲೆ, ಈ ಬುಧವಾರ, ಗಾದಿಲಿಂಗಪ್ಪ ಕೊಟ್ಟೂರಿನಲ್ಲಿ ನಮ್ಮ ಬಸ್ ಹತ್ತಿದ. ಟಿಕೆಟ್ ಕೊಡುವಾಗ ತಾನಾಗೇ, "ಅಕ್ಕಾರ, ಸೋಮಾರ ನಿಮ್ಮ ಓಣಿಗೇ ಬರ್ತೀನ್ರಿ. ಕನಕಮ್ಮಾರ ಅಡಿಗಿ ಮನಿಗೆ ಟೈಲ್ಸ್ ಹಾಕೋದೈತಿ" ಎಂದ. ನನ್ನ ನಾಲಿಗೆ ತಡೆಯಲಿಲ್ಲ. ಆ ಕಿಂಡಿ ಮುಚ್ಚು ಎಂದವರು ಯಾರಪ್ಪಾ ಎಂದು ಕೇಳಿಯೇಬಿಟ್ಟೆ.

"ನಿಮ್ಮ ಅಕ್ಕಾರ ಹೇಳಿದ್ರಲ್ರಿ! ನೀವು ಡ್ಯೂಟಿಗೆ ಹೋಗಿದ್ರಿ. ಅವರೂ ಹಗರಿಬೊಮ್ಮನಹಳ್ಳಿ ಬಸ್ಸಿಗೆ ಹೊಂಟಿದ್ರು, ಬ್ಯಾಗು ಹೆಗಲಿಗಿತ್ತು. ಅಕ್ಕಾರ, ಈ ಕಿಂಡಿ ಇನ್ನ ಬೇಕೇನ್ರಿ ಅಂದೆ. ಬಿಟ್ಟುಬಿಡಪ್ಪಾ ಅಂದು ಗಡಿಬಿಡಿಲೆ ಹೋದ್ರು. ಅದಕ್ಕ ಬಿಟ್ಟೆ, ಎರಡೂ ಕಡಿ ಮುಚ್ಚಿ ಸಾಪಾಟು ಮಾಡಿದೆ. ಆ ಕಡಿ ನಿಮ್ಮ ಭಾವಾರು ಪೇಪರ್ ಓದ್ತಾ ಕುಂತಿದ್ರು, ಏನೂ ಅನ್ನಲಿಲ್ಲ."

ಭಾವನವರು ಪೇಪರ್ ಹಿಡಿದರೆ ಮನೆಗೆ ಆನೆ ನುಗ್ಗಿದರೂ ತಲೆ ಎತ್ತುವವರಲ್ಲ, ಅದು ಬಿಡಿ. ನೀವೇ ಹೇಳಿದಿರಿ ಎಂದನಲ್ಲ. ಮೂರು ವರ್ಷ ಭಯಪಟ್ಟದ್ದು ಕೊನೆಗೂ ಕಿವಿಗೆ ಬಿತ್ತು. ಅವತ್ತು ಉಳಿದ ದಾರಿಯುದ್ದಕ್ಕೂ ಸ್ಟೂಡೆಂಟ್ ಪಾಸ್ ತೋರಿಸದವರಿಗೆ, ಜೀರೋ ಟಿಕೆಟ್ ಕಳೆದುಕೊಂಡ ಹೆಂಗಸರಿಗೆ, ಕಂಡಕಂಡವರಿಗೆಲ್ಲ ಬೈದೆ. ಪಾಲಾಕ್ಷಪ್ಪ ಕನ್ನಡಿಯಲ್ಲಿ ನೋಡಿ, "ಮೇಡಮ್ಮಾರ, ಇವತ್ತು ಬಸ್ ನೀವ ಹೊಡೀರಿ, ನಾ ಕೆಳಗಿಳಿತೀನಿ" ಎಂದರು. ನಗು ಬರಲಿಲ್ಲ. ಟೈಲ್ಸ್ ಹಾಕಿಸಿಕೊಳ್ಳಲಿ ಬಿಡು, ಬೇಕಾದರೆ ಮೇಲೆ ಇನ್ನೊಂದು ಗೋಡೆಯನ್ನೂ ಕಟ್ಟಿಸಿಕೊಳ್ಳಲಿ ಎಂದುಕೊಂಡೆ.

ನಿನ್ನೆ ಡ್ಯೂಟಿ ತೆಲಿಗಿಯವರೆಗೆ ಇತ್ತು. ಹರಪನಹಳ್ಳಿಯಲ್ಲಿ ಒಬ್ಬ ಮುದುಕಿ ಹತ್ತಿ ಬಾಗಿಲ ಪಕ್ಕದ ಸೀಟಿನಲ್ಲಿ ಕೂತರು. ಹೊಟ್ಟೆ ತೊಳಸುತ್ತಿತ್ತು ಪಾಪ, ಸೆರಗು ಬಾಯಿಗೆ ಹಿಡಿದಿದ್ದರು. ನಾನು ಅಭ್ಯಾಸದಂತೆ ಬಾಗಿಲು ಎಳೆಯಲು ಹೋದೆ. ಆಕೆ ನನ್ನ ಕೈ ಹಿಡಿದುಕೊಂಡು, "ಬಾಗ್ಲಾ ಬಿಟ್ಟುಬಿಡವ್ವಾ" ಎಂದರು. "ಗಾಳಿ ಬರ್ಲಿ, ಬಿಟ್ಟುಬಿಡು."

ಅಕ್ಕಾ, ನಾನು ಹಾಗೇ ನಿಂತೆ. ಪಾಲಾಕ್ಷಪ್ಪ ಎರಡು ಸಲ ರೈಟ್ ಕೇಳಿದರೂ ಸೀಟಿ ಊದಲಿಲ್ಲ.

ಬಿಟ್ಟುಬಿಡು ಎಂದರೆ ಬೇಡ ಎಂದೇ ಯಾಕಾಗಬೇಕು? ಇದ್ದ ಹಾಗೇ ಇರಲಿ ಎಂದೂ ಆಗುತ್ತದಲ್ಲ! ಹಿರಿಯರು ಬೆಂಕಿಗೆ ಕಿಂಡಿ ಬಿಟ್ಟಿದ್ದರು ಎನ್ನುವಾಗ ನಾವೇ ಆ ಮಾತನ್ನು ಇನ್ನೇನೆಂದು ಆಡುತ್ತೇವೆ? ಹೆಗಲಿಗೆ ಬ್ಯಾಗು ಹಾಕಿಕೊಂಡು, ಬಸ್ಸು ತಪ್ಪೀತು ಎಂದು ಓಡುತ್ತಿದ್ದ ನೀವು "ಅದರ ತಂಟಿಗೆ ಹೋಗಬ್ಯಾಡ" ಎಂಬ ಅರ್ಥದಲ್ಲಿ ಅಂದಿರಿ, ಅವನು "ಅದರ ಆಸೆ ಬಿಡು" ಎಂದು ಕೇಳಿಸಿಕೊಂಡ. ಇಲ್ಲವೆಂದರೆ ಸೌಟು ಹಿಡಿದು ಗೋಡೆಯ ಕಡೆ ಯಾಕೆ ತಿರುಗುತ್ತೀರಿ? ಸಂಜೆ ವಾಪಸ್ ಬಂದು ಮುಚ್ಚಿದ ಗೋಡೆ ನೋಡಿ, ಕೆಲಸ ನಡೆಯುತ್ತಿದ್ದದ್ದು ನನ್ನ ಮನೆಯಲ್ಲಾದ್ದರಿಂದ, ನಾನೇ ಎಂದು ನೀವು ತಿಳಿದಿರಿ. ಆದರೂ ಮರುದಿನ ಪಲ್ಯ ಕಳಿಸಿದಿರಿ. ಮುಚ್ಚಳ ಹಾಕಿದ್ದು ಧೂಳು ಬೀಳದಿರಲಿ ಎಂದು ಅಷ್ಟೇ. ಅದಕ್ಕೆ ನಾನು ಏನು ಕಳಿಸಿದೆ ಎಂದು ಮೇಲೆ ಬರೆದಿದ್ದೇನೆ, ಇನ್ನೊಮ್ಮೆ ಬರೆಯಿಸಬೇಡಿ.

ಯಾರೂ ಮುಚ್ಚಲಿಲ್ಲ ಅಕ್ಕಾ, ಅದಾಗೇ ಮುಚ್ಚಿಕೊಂಡಿತು. ಸಮತಾ ಹೇಳಿದ್ದು ನಿಜ. ಆದರೆ ಅವಳ ಸಮುದ್ರಕ್ಕೆ ಕೈಯಿಲ್ಲ, ನಮಗಿದೆ. ನಿನ್ನೆ ಸಂಜೆ ಹುಲುಗೇಶ್ ಅವರಿಂದ ಉಳಿ, ಸುತ್ತಿಗೆ ತೆಗೆಸಿಕೊಂಡು ನನ್ನ ಕಡೆಯ ಸಿಮೆಂಟು ಕೆತ್ತಿದೆ. "ಏನ್ ಮಾಡಾಕ್ಹತ್ತೀಯೇ? ಹೊಸಾ ಗ್ವಾಡಿ!" ಎಂದು ಮೊದಲು ಹೌಹಾರಿದರು. ಆಮೇಲೆ ಏನು ತಿಳಿಯಿತೋ, ತಾವೇ ಒಂದು ಇಟ್ಟಿಗೆ ಎಳೆದು ತೆಗೆದರು. ಠಕ್ ಠಕ್ ಎಂದು ಕೇಳಿಸಿದ್ದು ಅದೇ, ಇಲಿ ಎಂದು ಭಾವನವರು ಬಡಿಗೆ ತೆಗೆದುಕೊಂಡರಂತೆ, ಕೀರ್ತನಾ ಹೇಳಿದಳು. ನನ್ನ ಕಡೆ ಈಗ ಸೌಟು ಹೋಗುವಷ್ಟು ಜಾಗ ಇದೆ. ಆ ತುದಿಯಲ್ಲಿ ಉಳಿದಿರುವುದು ನಿಮ್ಮ ಕಡೆಯ ಬೆರಳು ದಪ್ಪದ ಸಿಮೆಂಟು. ಅದನ್ನು ನಾನು ಮುಟ್ಟಿಲ್ಲ. ನಿಮ್ಮ ಮನೆಯ ಗೋಡೆ, ಅದು ನಿಮಗೆ ಸೇರಿದ್ದು.

ಟೈಲ್ಸ್ ಹಾಕಿಸಿ, ಬೇಡ ಎನ್ನುವುದಿಲ್ಲ, ಚಂದ ಕಾಣುತ್ತದೆ. ಆ ಒಂದು ಜಾಗ ಮಾತ್ರ ಇರಲಿ. ಸೋಮವಾರ ಗಾದಿಲಿಂಗಪ್ಪ ಮತ್ತೆ ಅದೇ ಪ್ರಶ್ನೆ ಕೇಳುತ್ತಾನೆ. ಕೈಮುಗಿಯುತ್ತೇನೆ, ಈ ಸಲ "ಬಿಟ್ಟುಬಿಡು" ಎನ್ನಬೇಡಿ. ಬೇಕು ಎಂದರೆ ಬೇಕು ಎನ್ನಿ, ಬೇಡ ಎಂದರೆ ಬೇಡ ಎನ್ನಿ. ನೀವು ನಿಜವಾಗಲೂ ಬೇಡ ಎಂದೇ ಅಂದಿದ್ದರೂ ಸರಿ, ಅದನ್ನಾದರೂ ನಿಮ್ಮ ಬಾಯಿಂದ ಕೇಳುತ್ತೇನೆ.

ಈ ಕಾಗದವನ್ನು ನಿಮ್ಮ ಹಾಲಿನ ಪಾಕೀಟಿನ ಚೀಲದಲ್ಲಿ ಇಡುತ್ತೇನೆ, ಜೊತೆಗೆ ಒಂದು ಬಟ್ಟಲು ಸಕ್ಕರೆ. ಅದು ಆ ಖಾಲಿ ಡಬ್ಬಿಯ ಬಾಕಿ. ಭಾವನವರಿಗೆ ನನ್ನ ನಮಸ್ಕಾರ, ಕೆಮ್ಮಿಗೆ ಒಮ್ಮೆ ತೋರಿಸಿ. ಕೀರ್ತನಾಗೆ ಮುತ್ತು, ಚೆನ್ನಾಗಿ ಓದಿ ನಮ್ಮ ಸಮತಾಳಿಗಿಂತ ಮುಂದೆ ಹೋಗಲಿ. ದೊಡ್ಡವರು ನೀವು, ನಿಮ್ಮ ಹರಕೆ ನಮ್ಮ ಮನೆಯ ಮೇಲೆ ಇರಲಿ, ನಿಮ್ಮ ಮನೆ ತಣ್ಣಗಿರಲಿ.

ನಿಮ್ಮ ತಂಗಿ,
ಸುಮಂಗಲಾ

ತಾ.ಕ. ಇಲ್ಲಿಗೆ ಮುಗಿಸಿ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಇದೊಂದನ್ನು ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಅರ್ಧ ಮಾತು.

ಕೊರೊನಾದ ಎರಡನೇ ಅಲೆಯಲ್ಲಿ ನನಗೆ ಜ್ವರ ಬಂದಿತ್ತಲ್ಲ, ಅವತ್ತಿನಿಂದ ನನಗೆ ರುಚಿ ಗೊತ್ತಾಗುವುದಿಲ್ಲ. ವಾಸನೆಯೂ ಇಲ್ಲ. ಬರುತ್ತದೆ ಬರುತ್ತದೆ ಎಂದರು ಡಾಕ್ಟರು, ಬರಲಿಲ್ಲ. ಖಾರ ಹಾಕಿದರೆ ನಾಲಿಗೆ ಉರಿಯುತ್ತದೆ, ಅಷ್ಟೇ. ಉಪ್ಪು, ಹುಳಿ, ಸಿಹಿ ಎಲ್ಲ ಒಂದೇ ಮಣ್ಣು. ಯಾರಿಗೂ ಹೇಳಿಲ್ಲ, ಹುಲುಗೇಶ್ ಅವರಿಗೂ ಇಲ್ಲ, ಸಮತಾಳಿಗೂ ಇಲ್ಲ. ಸುಮಂಗಲಾನ ಕೈ ಅಂದರೆ ಕೈ ಎಂದು ಡಿಪೋದವರೆಲ್ಲ ಹೇಳುತ್ತಿದ್ದರು, ಆ ಕೈಗೆ ನಾಲಿಗೆಯೇ ಇಲ್ಲ ಎಂದು ಹೇಳಲು ನಾಚಿಕೆಯಾಯಿತು. ಆಮೇಲಿನ ಒಂದು ವರ್ಷ ನೀವು ಎಂದಿನಂತೆ ಕೈ ಚಾಚಿ, "ಒಂದ್ ಸೌಟು ಇತ್ತ ಕೊಡು" ಎನ್ನುತ್ತಿದ್ದಿರಿ, "ಸಾಕು" ಎನ್ನುತ್ತಿದ್ದಿರಿ, "ಇನ್ನೊಂದ್ ಚೂರು ಹಾಕು" ಎನ್ನುತ್ತಿದ್ದಿರಿ. ನಿಮಗೆ ಗೊತ್ತಿಲ್ಲದೆ ನಿಮ್ಮ ನಾಲಿಗೆಯಿಂದಲೇ ನಾನು ಅಡುಗೆ ಮಾಡಿದೆ. ಆಮೇಲೆ ಗೋಡೆ ಬಂತು.

ಹೋದ ವರ್ಷ ಅತ್ತೆ ಹಾಸಿಗೆ ಹಿಡಿದಾಗ, ನಾಲ್ಕು ದಿನ ಏನೂ ಮುಟ್ಟದವರು, "ನಿನ್ನ ಕೈಯಾಗಿನ ಹುರುಳಿ ಸಾರು ಕುಡೀಬೇಕು ಅನಿಸೈತಿ" ಎಂದರು. ಮಾಡಿದೆ. ಗೋಡೆಯ ಮುಂದೆ ಸೌಟು ಹಿಡಿದು ನಿಂತು, ನಿಮ್ಮನ್ನು ಕೂಗಲೋ ಬೇಡವೋ ಎಂದು ಯೋಚಿಸಿ, ಕೂಗಲಿಲ್ಲ. ಅಂದಾಜಿನಲ್ಲಿ ಉಪ್ಪು ಹಾಕಿ ಕುಡಿಸಿದೆ. ಒಂದು ಲೋಟ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ನನ್ನ ಕೈ ಮೇಲೆ ಕೈಯಿಟ್ಟು "ಚಲೋ ಐತವ್ವಾ" ಎಂದರು. ಸಂಜೆ ಹುಲುಗೇಶ್ ಅದೇ ಸಾರು ಬಾಯಿಗಿಟ್ಟು, ಎದ್ದು ಹೋಗಿ ಬಚ್ಚಲಲ್ಲಿ ಉಗುಳಿದರು. ಬರೀ ಉಪ್ಪು ನೀರು ಎಂದರು. ಮರುದಿನ ಬೆಳಿಗ್ಗೆ ಅತ್ತೆ ಏಳಲಿಲ್ಲ. ಸಮುದ್ರದಿಂದ ಸೊಸೆ ತಂದೆವೇನು ಎಂದು ಅಷ್ಟು ಮಂದಿಯ ಎದುರು ಅಂದವರು ಅವರು, ಕೊನೆಯ ದಿನ ಆ ಮಾತು ಅನ್ನದೆ ಕುಡಿದು ಹೋದರು. ಮಣ್ಣು ಮಾಡುವಾಗ ನೀವು, ಇಷ್ಟೊಂದು ಯಾಕೆ ಅಳುತ್ತಾಳೆ ಇವಳು ಎಂದು ನೋಡಿದ್ದು ನನಗೆ ನೆನಪಿದೆ. ನಾನು ಅತ್ತದ್ದು ಇದಕ್ಕೆ ಅಕ್ಕಾ. ಅಳುವಾಗ ಕಣ್ಣೀರು ಬಾಯಿಗೆ ಬಂತು, ಅದೂ ಸಪ್ಪಗೇ ಇತ್ತು.

ನಾಳೆ ಭಾನುವಾರ ಹುರುಳಿ ಸಾರು ಮಾಡುತ್ತೇನೆ. ಉಪ್ಪು ಹಾಕದೆ ಒಲೆಯ ಮೇಲಿಟ್ಟು ಗೋಡೆಯ ಹತ್ತಿರ ನಿಂತಿರುತ್ತೇನೆ. ಎಷ್ಟು ಹಾಕಲಿ ಎಂದು ನೀವೇ ಹೇಳಬೇಕು.